ಸಂಗೀತದಿಂದ ಶೀಲಕ್ಕೆ ಕೇಡುಂಟೆ?

ತರುಣರ ನಡತೆಯಲ್ಲಿ ಏನಾದರೊಂದು ವಿಕಾರ ಕಂಡೊಡನೆ ಅದರ ಹೊಣೆಯನ್ನು ಆ ಕಾಲದ ಹಾಡುಗಳ ಮೇಲೆ ಹೊರಿಸುವುದು ನಮ್ಮ ಸಭಾವೇದಿಕೆಗಳ ಹಳೆಯ ಚಾಳಿ. ಸಂಗೀತವು ಕೇವಲ ಸೌಂದರ್ಯ, ಅದಕ್ಕೂ ನೀತಿಗೂ ಯಾವ ಸಂಬಂಧವೂ ಇಲ್ಲವೆಂದು ಕೈತೊಳೆದುಕೊಳ್ಳುವುದು ಕಲಾಭಿಮಾನಿಗಳ ಅಷ್ಟೇ ಹಳೆಯ ಚಾಳಿ. ಎರಡು ಪಕ್ಷದವರೂ ನೈತಿಕ ಹಾನಿಯ ಮಾತನ್ನು ಧಾರಾಳವಾಗಿ ಆಡುತ್ತಾರೆ. ಹಾಗೆಂದರೇನೆಂದು ನಿಂತು ವಿಚಾರಿಸುವವರು ವಿರಳ. ನೆರೆಮನೆಯ ಧ್ವನಿವರ್ಧಕದಿಂದ ನನ್ನ ನಿದ್ರೆ ಕೆಟ್ಟರೆ ಅದು ಹಾನಿಯೇ ಹೌದು, ನೈತಿಕ ಹಾನಿಯಲ್ಲ. ಒಳಿತು ಕೆಡಕುಗಳನ್ನು ತೂಗಿ ನೋಡುವ ಕೇಳುಗನ ವಿವೇಕ ಮಂಕಾಗಬೇಕು, ಇಲ್ಲವೆ ಒಳ್ಳೆಯದೆಂದು ತಿಳಿದುದನ್ನು ನಡೆಸುವ ಅವನ ಸಂಕಲ್ಪ ಕುಂದಬೇಕು. ಆಗ ಮಾತ್ರ ಸಂಗೀತ ಅವನ ಶೀಲವನ್ನು ಕೆಡಿಸಿತೆನ್ನಬಹುದು.

ಈ ಕೇಡು ನಾದದಲ್ಲಿಯೇ ಇರಬಲ್ಲುದೆ? ಇರಬಲ್ಲುದೆಂಬುದು ಪ್ಲೇಟೋವಿನ ಮತ. 'ರಿಪಬ್ಲಿಕ್' ಗ್ರಂಥದ ಮೂರನೆಯ ಭಾಗದಲ್ಲಿ ಅವನ ಸಾಕ್ರಟೀಸನು, ಗೋಳುದನಿಯ ಮಿಕ್ಸೋಲಿಡಿಯನ್ ಧಾಟಿಯನ್ನೂ ಪಾನಗೋಷ್ಠಿಗೆ ಒಗ್ಗುವ ಅಯೋನಿಯನ್ ಮೊದಲಾದುವನ್ನೂ ಆದರ್ಶನಗರದಿಂದ ಹೊರದೂಡಿ, ಡೋರಿಯನ್, ಫ್ರಿಜಿಯನ್ ಎಂಬೆರಡನ್ನೇ ಉಳಿಸಿಕೊಳ್ಳುತ್ತಾನೆ. ಶಿಷ್ಯನಾದ ಅರಿಸ್ಟಾಟಲನಾದರೋ 'ಪಾಲಿಟಿಕ್ಸ್' ಗ್ರಂಥದಲ್ಲಿ, ಉನ್ಮಾದಕರವೆಂದು ಔಲೋಸ್ ಎಂಬ ಊದುವಾದ್ಯವನ್ನು ಬಿಟ್ಟವರು ಅಷ್ಟೇ ಉನ್ಮಾದಕರವಾದ ಫ್ರಿಜಿಯನ್ನನ್ನು ಇಟ್ಟುಕೊಂಡುದು ಸರಿಯೆ ಎಂದು ಆಕ್ಷೇಪಿಸುತ್ತಾನೆ. ಒಂದೇ ಧಾಟಿ ಗುರುವಿಗೆ ಧರ್ಮ್ಯವಾಗಿಯೂ ಶಿಷ್ಯನಿಗೆ ಮದಕರವಾಗಿಯೂ ಕೇಳಿಸಿದ ಮೇಲೆ, ನೀತಿಯು ಸ್ವರಗಳಲ್ಲಿ ನೆಲೆಸಿದೆಯೆಂಬ ವಾದ ಎಷ್ಟು ಗಟ್ಟಿಯೆಂಬುದನ್ನು ಓದುಗರೇ ಊಹಿಸಬಹುದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಖಮಾಚ್ ರಾಗವನ್ನೇ ತೆಗೆದುಕೊಳ್ಳೋಣ. ಷಡ್ಜದಿಂದ ನೇರವಾಗಿ ಮಧ್ಯಮಕ್ಕೆ ನೆಗೆದು, ಮರೆತುದನ್ನು ನೆನೆದುಕೊಂಡಂತೆ ಗಾಂಧಾರಕ್ಕೆ ಹಿಂದಿರುಗಿ, ಮತ್ತೆ ಮಧ್ಯಮವನ್ನು ಹಿಡಿದು ಮೇಲೇರುವ ಅದರ ನಡಿಗೆಯಲ್ಲಿ, ನಡುನಡುವೆ ಮಿಂಚಿ ಮರೆಯಾಗುವ ಕಾಕಲಿ ನಿಷಾದದಲ್ಲಿ, ಒಂದು ಬಗೆಯ ಒಲವಿನ ಒನಪು ಇರುವುದನ್ನು ಯಾರೂ ಅಲ್ಲಗಳೆಯಲಾರರು. ಶೃಂಗಾರದ ಹಾಡುಗಳಾದ ಜಾವಳಿಗಳಿಗೆ ಅದು ಅಚ್ಚುಮೆಚ್ಚಿನ ರಾಗ. ಪಟ್ಟಣಂ ಸುಬ್ರಹ್ಮಣ್ಯ ಅಯ್ಯರವರೇ ಅದರಲ್ಲಿ ಜಾವಳಿಯನ್ನು ರಚಿಸಿದ್ದಾರೆ. ಅವರ ಶಿಷ್ಯರಾದ ಮೈಸೂರು ವಾಸುದೇವಾಚಾರ್ಯರು ಶ್ರೀರಾಮನಲ್ಲಿ ಮೊರೆಯಿಡುವ 'ಬ್ರೋಚೇವಾರೆವರುರಾ' ಕೃತಿಯನ್ನು ರಚಿಸಿದುದೂ ಅದೇ ಖಮಾಚಿನಲ್ಲಿ. ನಾಯಕನನ್ನು ಕೆಣಕುವಾಗ ಯಾವ ಒನಪೋ ರಾಮನಿಗೆ ಶರಣುಹೋಗುವಾಗಲೂ ಅದೇ ಒನಪು. ಮೊದಲನೆಯದರಲ್ಲಿ ಅದು ಸಲಿಗೆಯಾಗಿಯೂ ಎರಡನೆಯದರಲ್ಲಿ ಆರ್ತತೆಯಾಗಿಯೂ ತೋರುತ್ತದೆ. ರಾಗವು ಭಾವಕ್ಕೆ ಒಂದು ಚಲನೆಯನ್ನು ಕೊಡುತ್ತದೆ. ಯಾರ ಕಡೆಗೆ, ಯಾವ ಕಾರಣಕ್ಕೆ, ಯಾವ ಕಾರ್ಯಕ್ಕೆ ಎಂಬ ವಿಷಯವನ್ನು ಕೊಡುವುದಿಲ್ಲ. ನೀತಿಯ ಪ್ರಶ್ನೆ ಏಳುವುದು ವಿಷಯ ಬಂದಮೇಲೆ. ವಿಷಯ ಶೃಂಗಾರವಾದರೂ ಶೀಲ ಕೆಡಲೇಬೇಕೆಂದಿಲ್ಲ. ಶೃಂಗಾರಕಾವ್ಯವಾದ 'ರಾಧಿಕಾ ಸಾಂತ್ವನ'ವನ್ನು 1910ರಲ್ಲಿ ಅಚ್ಚು ಹಾಕಿಸಿ ಸರ್ಕಾರದ ನಿಷೇಧಕ್ಕೆ ಗುರಿಯಾದ ಗಾಯಕಿ ಬೆಂಗಳೂರು ನಾಗರತ್ನಮ್ಮನವರೇ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಜಾವಳಿಯನ್ನು ಅಶ್ಲೀಲವೆಂದು ದೂರಿದ ಸುಧಾರಕರಲ್ಲಿ ಎಷ್ಟು ಮಂದಿ ಅಂಥ ಕೆಲಸವೊಂದನ್ನು ಮಾಡಿಯಾರು?

ಹಾಗೆಂದು ನಾದವು ನಿರ್ದೋಷಿಯೆಂದು ಬಿಟ್ಟುಬಿಡಲೂ ಆಗದು. ರುವಾಂಡದ ಪ್ರಸಿದ್ಧ ಗಾಯಕ ಸಿಮೋನ್ ಬಿಕಿಂಡಿಯ ಹಾಡುಗಳನ್ನು 1994ರ ನರಮೇಧದ ಕಾಲದಲ್ಲಿ ಅಲ್ಲಿನ ಬಾನುಲಿಯೊಂದು ದ್ವೇಷಪ್ರಚಾರಕ್ಕೆ ಬಳಸಿತು. ಅಂತರರಾಷ್ಟ್ರೀಯ ನ್ಯಾಯಮಂಡಲಿ 2008ರಲ್ಲಿ ಅವನಿಗೆ 15 ವರ್ಷಗಳ ಸೆರೆವಾಸವನ್ನು ವಿಧಿಸಿತು. ಆದರೆ ಶಿಕ್ಷೆಯ ಆಧಾರ ಹಾಡುಗಳಲ್ಲ, ವಾಹನದ ಧ್ವನಿವರ್ಧಕದಲ್ಲಿ ಟುಟ್ಸಿ ಜನಾಂಗದವರನ್ನು ಕೊಲ್ಲಿರೆಂದು ಅವನು ಕೂಗಿ ಹೇಳಿದ ಮಾತು. ಹಾಡುಗಳು ಅದಕ್ಕೂ ಹಿಂದೆ ರಚಿತವಾದುವು. ಆ ವರ್ಷದ ಪ್ರಸಾರದಲ್ಲಿ ಅವನ ಕೈವಾಡವಿತ್ತೆಂಬುದಕ್ಕೆ ಸಾಕಷ್ಟು ಪ್ರಮಾಣ ದೊರೆಯಲಿಲ್ಲ. ನ್ಯಾಯಾಧೀಶರು ಎಳೆದ ಗೆರೆ ನ್ಯಾಯಶಾಸ್ತ್ರದ್ದು. ತತ್ತ್ವವಿಚಾರಕ್ಕೆ ಅಷ್ಟು ಸಾಲದು. ಬೆಲ್ಲದೊಳಗಿಟ್ಟ ಗುಳಿಗೆಯನ್ನು ಮಗು ನುಂಗುವಂತೆ, ಬರಿಯ ಮಾತಾಗಿದ್ದರೆ ತಡೆದು ಪ್ರಶ್ನಿಸಬಹುದಾಗಿದ್ದುದನ್ನು ಮಟ್ಟಿನ ಮಾಧುರ್ಯದಲ್ಲಿ ಕೇಳುಗನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾನೆ. ನಾದವು ತಾನಾಗಿ ಸುಳ್ಳನ್ನು ಹೇಳದು. ಸುಳ್ಳಿಗೆ ಸಮ್ಮತಿಯನ್ನು ದೊರಕಿಸಿಕೊಡಬಲ್ಲುದು.

ಈ ಭೇದವನ್ನು ಕಾಣದೆ ಹೋದವರಲ್ಲಿ ಟಾಲ್‌ಸ್ಟಾಯ್ ಅಗ್ರಗಣ್ಯನು. ಅವನ 'ಕ್ರೂಟ್ಸರ್ ಸೊನಾಟಾ' ಕಥೆಯ ಪೋಜ್ದ್‌ನಿಷೇವ್, ಅಸೂಯೆಯಿಂದ ಹೆಂಡತಿಯನ್ನು ಕೊಂದವನು, ಬೇಥೋವನ್ನನ ಕೃತಿಯೊಂದನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ, ಸಂಗೀತವನ್ನು ಪ್ರಭುತ್ವದ ಹತೋಟಿಯಲ್ಲಿಡಬೇಕೆಂದು ಉಪದೇಶಿಸುತ್ತಾನೆ. ಅದು ಪಾತ್ರದ ಮಾತು, ಕರ್ತೃವಿನದಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಸ್ವಂತ ದನಿಯಲ್ಲಿ ಬರೆದ 'ಕಲೆಯೆಂದರೇನು?' ಗ್ರಂಥದಲ್ಲಿಯೂ ಆತನಿಗೆ ಕಲೆಯೆಂಬುದು ಒಬ್ಬನ ಭಾವ ಇನ್ನೊಬ್ಬನಿಗೆ ತಗಲುವ ಸೋಂಕು. ನಮ್ಮ ಆಲಂಕಾರಿಕ ಅಭಿನವಗುಪ್ತನು ಇದಕ್ಕೆ ತೀರ ವಿರುದ್ಧವಾದುದನ್ನು ಕಂಡನು. ರಸಾಸ್ವಾದದ ವಿಘ್ನಗಳನ್ನು ಎಣಿಸುವಾಗ, ತನ್ನ ಸ್ವಂತ ಸುಖದುಃಖಗಳಲ್ಲಿಯೇ ಮುಳುಗಿರುವುದನ್ನೂ ಒಂದು ವಿಘ್ನವೆಂದು ಹೇಳಿ, ಅದರ ಪರಿಹಾರಕ್ಕಾಗಿಯೇ ನಾಟ್ಯದಲ್ಲಿ ಗಾನವೂ ವಾದ್ಯವೂ ಇರುವುದೆಂದು ಅವನು ವಿವರಿಸುತ್ತಾನೆ. ಭಾವವು ನನ್ನದು, ನಿನ್ನದು ಎಂಬ ಕಟ್ಟನ್ನು ಕಳಚಿಕೊಂಡಾಗ ರಸ. ಕಟ್ಟಿನೊಳಗೇ ಕುದಿದರೆ ಅದು ಪೋಜ್ದ್‌ನಿಷೇವನ ಮನೋರೋಗ. ರೋಗಿಯ ಸಾಕ್ಷ್ಯದಿಂದ ಅನ್ನವನ್ನು ವಿಷವೆಂದು ತೀರ್ಮಾನಿಸುವುದುಂಟೆ?

ಆದರೂ ಆ ಕೊಲೆಗಾರನ ಗೊಣಗಾಟದಲ್ಲಿ ಒಂದು ಸತ್ಯದ ಕಣವುಂಟು: ನಡಿಗೆಯ ಹಾಡಿಗೆ ಸೈನಿಕರು ನಡೆಯುತ್ತಾರೆ, ಕುಣಿತದ ಹಾಡಿಗೆ ಜನ ಕುಣಿಯುತ್ತಾರೆ, ದಿವಾನಖಾನೆಯ ಸಂಗೀತ ಕೆರಳಿಸಿದ ಭಾವಕ್ಕೆ ಮಾತ್ರ ಹೋಗಲು ದಾರಿಯಿಲ್ಲ. ಇದನ್ನೇ ಶಾಂತಚಿತ್ತದಿಂದ ಹೇಳಿದವನು ವಿಲಿಯಂ ಜೇಮ್ಸ್. 1890ರ ತನ್ನ ಮನಶ್ಶಾಸ್ತ್ರಗ್ರಂಥದಲ್ಲಿ, ನಾಟಕದ ಕಲ್ಪಿತ ಪಾತ್ರಗಳಿಗಾಗಿ ರಷ್ಯದ ಮಹಿಳೆಯೊಬ್ಬಳು ಕಣ್ಣೀರು ಸುರಿಸುತ್ತಿರುವಾಗ ಹೊರಗೆ ಅವಳ ಸಾರಥಿ ಚಳಿಯಲ್ಲಿ ಸೆಟೆದು ಸಾಯುತ್ತಿರುವ ಚಿತ್ರವನ್ನು ಕೊಟ್ಟು, ಕಚೇರಿಯಲ್ಲಿ ಉಕ್ಕಿದ ಭಾವವನ್ನು ಆಮೇಲೆ ಏನಾದರೊಂದು ಕ್ರಿಯೆಯಲ್ಲಿ ವ್ಯಕ್ತಪಡಿಸದೆ ಬಿಡಬಾರದೆಂದು, ಮನೆಯ ಅತ್ತೆಯೊಡನೆ ಒಂದು ಒಳ್ಳೆಯ ಮಾತಾಡಿದರೂ ಸಾಕೆಂದು ಅವನು ಬುದ್ಧಿ ಹೇಳುತ್ತಾನೆ. ಸಂಗೀತದ ಅಪಾಯ ಇಲ್ಲಿದೆ. ಇದು ಜಾವಳಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಭಜನೆಯಿಂದಲೇ ಬಂದೀತು. ಜಾವಳಿ ಕೇಳಿದವನು ತನ್ನನ್ನು ಪುಣ್ಯಾತ್ಮನೆಂದು ಬಗೆಯುವುದಿಲ್ಲ. ದೇವರನಾಮಕ್ಕೆ ಕಣ್ಣೊದ್ದೆ ಮಾಡಿಕೊಂಡವನು, ಕರಗಿದ ಎದೆಯೇ ಕರುಣೆಯೆಂದೂ ಕರುಣೆಯ ಕೆಲಸ ಅಲ್ಲಿಗೇ ಮುಗಿಯಿತೆಂದೂ ತಿಳಿದು ನಿಶ್ಚಿಂತನಾಗಿ ಮನೆಗೆ ಹೋಗಬಹುದು.

ಆದುದರಿಂದ ಹಾಡುಗಳನ್ನು ನಿಷೇಧಿಸಹೊರಟ ಮಹನೀಯರು ಮೊದಲು ಸಾಹಿತ್ಯವನ್ನು ಪರೀಕ್ಷಿಸಲಿ, ಅನಂತರ ಕೇಳುವ ತಮ್ಮ ಮನಸ್ಸನ್ನು ಪರೀಕ್ಷಿಸಿಕೊಳ್ಳಲಿ. ರಾಗದ ತಂಟೆಗೆ ಹೋಗದಿರಲಿ.