ಪೂಜಾರಿಗೆ ಬೈಗುಳ, ದೇವರಿಗೆ ನಮಸ್ಕಾರ

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬಿಡದಿ ಹೋಬಳಿಯಲ್ಲಿ ಈ ಗಾದೆ ಕೇಳಲು ದೇವಸ್ಥಾನಕ್ಕೇ ಹೋಗಬೇಕಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅಲೆಯುವವನು ಹೇಳುತ್ತಾನೆ, ಸರ್ವೆಗೆ ದುಡ್ಡು ಕಟ್ಟಿ ಕಾದು ಕೂತವನು ಹೇಳುತ್ತಾನೆ. ತಟ್ಟೆ ಇಡ್ಲಿ ಹೋಟೆಲಿನ ಮುಂದೆ ತಟ್ಟೆ ಹಿಡಿದು ನಿಂತವರ ಮಾತಿಗೆ ಕಿವಿ ಕೊಟ್ಟರೆ ಸಾಕು: "ಸಾಹೇಬ್ರು ಸೈನ್ ಹಾಕವ್ರೆ ಕಣಣ್ಣ, ಕೇಸ್ ವರ್ಕರ್ರು ಫೈಲೇ ಎತ್ತಾಕಿಲ್ಲ." ಕೇಳಿದವನು ಗಾದೆ ಹೇಳಿ ಮುಗಿಸುತ್ತಾನೆ. ಅಲ್ಲಿಗೆ ಇಬ್ಬರಿಗೂ ಒಂದಿಷ್ಟು ಸಮಾಧಾನ.

ಈ ಸಮಾಧಾನ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಕೆಳಗಿನವರ ಸಣ್ಣತನವನ್ನು ಆಡಿಕೊಳ್ಳುವ ಗಾದೆ ಎಂದು ನಾವು ಇದನ್ನು ಓದುತ್ತೇವೆ. ಆದರೆ ಗಾದೆಯ ಮೊದಲರ್ಧವನ್ನು ಯಾರೂ ನಿಂತು ನೋಡುವುದಿಲ್ಲ. ದೇವರು ವರ ಕೊಟ್ಟಿದ್ದಾನೆ ಎಂದು ಅದು ತೀರ್ಮಾನಿಸಿಯೇ ಬಿಟ್ಟಿದೆ. ಕೊಟ್ಟದ್ದನ್ನು ಕಂಡವರು ಯಾರು? ಒಳಗೆ ಏನು ನಡೆಯಿತು ಎಂದು ಹೇಳಬೇಕಾದವನು ಮತ್ತೆ ಆ ಪೂಜಾರಿಯೇ. ವಿಚಾರಣೆ ಶುರುವಾಗುವ ಮೊದಲೇ ದೇವರು ಖುಲಾಸೆ, ಪೂಜಾರಿ ಅಪರಾಧಿ. ರಾಜಕೀಯದಲ್ಲಿ ಇಂಥ ಖುಲಾಸೆಗಿಂತ ಬೆಲೆಯುಳ್ಳ ಆಸ್ತಿ ಇನ್ನೊಂದಿಲ್ಲ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಯಾರು ಗದ್ದುಗೆ ಹಿಡಿದರು, ಯಾರು ಉಳಿಸಿಕೊಂಡರು ಎಂದು ನೋಡಹೊರಟರೆ ಈ ಗಾದೆಯನ್ನು ಬಲ್ಲವರೇ ಹೆಚ್ಚಾಗಿ ಕಾಣುತ್ತಾರೆ.

ನಮ್ಮ ಮೈಸೂರು ಸಂಸ್ಥಾನದಲ್ಲಂತೂ ಗಾದೆಯ ನಕ್ಷೆ ನೆಲದ ಮೇಲೇ ಬರೆದಂತಿತ್ತು. ದೇವರು ಮೈಸೂರಿನಲ್ಲಿ, ಅರಮನೆಯಲ್ಲಿ. ಪೂಜಾರಿಯ ಕಚೇರಿ ಬೆಂಗಳೂರಿನ ಅಠಾರ ಕಚೇರಿಯಲ್ಲಿ, ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡದಲ್ಲಿ. ನಡುವಿನ ರಸ್ತೆಯೂ ರೈಲೂ ಬಿಡದಿಯನ್ನು ಹಾದೇ ಹೋಗಬೇಕು. ದೂರದ ಲೆಕ್ಕ ಹಾಕಿದರೆ ಬಿಡದಿಯವನಿಗೆ ಪೂಜಾರಿ ಹತ್ತಿರ, ದೇವರು ದೂರ. ದೂರದ ದೇವರು ದಸರೆಯಲ್ಲಿ ಅಂಬಾರಿಯ ಮೇಲೆ ಕಾಣಿಸಿಕೊಂಡರೆ ಸಾಕು, ಕೈ ತಾನಾಗಿ ಮುಗಿಯುತ್ತಿತ್ತು. ಹತ್ತಿರದವರಾದರೋ ಕಂದಾಯ ಕೇಳುತ್ತಾ ಬರುತ್ತಿದ್ದರು.

ಅದೂ ಒಬ್ಬ ಪೂಜಾರಿಯೇ? ಊರಲ್ಲಿ ಪಟೇಲ, ಲೆಕ್ಕಕ್ಕೆ ಶಾನುಭೋಗ. ಹೋಬಳಿಗೆ ಶೇಕ್‌ದಾರ, ತಾಲ್ಲೂಕಿಗೆ ಅಮಲ್ದಾರ, ಜಿಲ್ಲೆಗೆ ಡೆಪ್ಯುಟಿ ಕಮಿಷನರು, ಎಲ್ಲರ ಮೇಲೆ ದಿವಾನರು. ಬಾಗಿಲಾದ ಮೇಲೆ ಬಾಗಿಲು. ಪ್ರತಿ ಬಾಗಿಲಲ್ಲೂ "ಬುದ್ಧೀ" ಎಂದು ತಲೆ ಬಗ್ಗಿಸಿ ನಿಂತ ರೈತ, ಒಳಗಿರುವ ಮಹಾಸ್ವಾಮಿಗೆ ತನ್ನ ಕಷ್ಟ ಗೊತ್ತಾದರೆ ಎಲ್ಲ ಸರಿಹೋಗುತ್ತದೆ ಎಂದೇ ನಂಬಿದ್ದ. ಮಹಾಸ್ವಾಮಿಯ ಮೇಲೂ ಒಬ್ಬ ದೇವರಿದ್ದ ಎಂಬುದು ಅವನಿಗೆ ಅಷ್ಟಾಗಿ ತೋರುತ್ತಿರಲಿಲ್ಲ, ಕಣ್ಣೆದುರೇ ಗುರುತಿದ್ದರೂ. ಬಿಡದಿಯ ಪಕ್ಕದ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. ಟಿಪ್ಪು ಸತ್ತ ಮೇಲೆ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರು ಅದು.

ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತಲ್ಲ ಎನ್ನಬಹುದು. ಇತ್ತು, 1881ರಲ್ಲಿ ರಂಗಾಚಾರ್ಲು ಕಟ್ಟಿದ್ದು, ನಾವು ಹೆಮ್ಮೆಪಡಬೇಕಾದದ್ದೇ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. ಕೆರೆ ಹೂಳು, ರಸ್ತೆ, ಶಾಲೆ, ಅಮಲ್ದಾರನ ದರ್ಪ, ಎಲ್ಲವನ್ನೂ ಸದಸ್ಯರು ಎದ್ದು ನಿಂತು ಹೇಳಬಹುದಿತ್ತು. ಕೇಳಿಸಿಕೊಳ್ಳುವವರು ದಿವಾನರು, ಉತ್ತರ ಕೊಡುವವರು ದಿವಾನರು, ಅಧ್ಯಕ್ಷತೆಯೂ ದಿವಾನರದೇ. 1923ರ ಸುಧಾರಣೆಯಲ್ಲಿ ಸಭೆಗೆ ಕಾನೂನಿನ ಆಧಾರ ಸಿಕ್ಕಿತು, ಶಾಸನ ಪರಿಷತ್ತಿಗೆ ಆಯವ್ಯಯದ ಮೇಲೆ ಮತ ಹಾಕುವ ಅವಕಾಶ ಸಿಕ್ಕಿತು. ಆದರೆ ದಿವಾನರನ್ನು ಇಳಿಸುವ ಅಧಿಕಾರ ಯಾವ ಸಭೆಗೂ ಇರಲಿಲ್ಲ. ಅವರು ಜವಾಬು ಹೇಳಬೇಕಾದದ್ದು ಅರಮನೆಗೆ ಮಾತ್ರ. ಭಕ್ತರಿಗೆ ಪೂಜಾರಿಯನ್ನು ಬೈಯಲು ಅನುಮತಿ ಇತ್ತು, ಬದಲಾಯಿಸಲು ಇರಲಿಲ್ಲ.

ಬದಲಾಯಿಸುವ ದಾರಿಯನ್ನು ಮೊದಲು ಹುಡುಕಿದವರು ಬ್ರಾಹ್ಮಣೇತರ ಮುಖಂಡರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ಕೆಲಸಗಳು ಒಂದೇ ಜಾತಿಯ ಕೈಯಲ್ಲಿವೆ ಎಂಬ ದೂರನ್ನು ಅವರು ದಿವಾನ ವಿಶ್ವೇಶ್ವರಯ್ಯನವರ ಮುಂದಿಟ್ಟು ಕಾಯಲಿಲ್ಲ, ನೇರ ಮಹಾರಾಜರ ಬಳಿಗೆ ನಿಯೋಗ ಒಯ್ದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಪ್ರತಿಭೆಯೊಂದೇ ಅಳತೆಗೋಲು ಎಂದು ನಂಬಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಹುದ್ದೆ ಬಿಟ್ಟರು. ಕಾರಣಗಳಲ್ಲಿ ಇದೂ ಒಂದು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕೆಂದು ಸಮಿತಿ ಹೇಳಿತು, 1921ರಲ್ಲಿ ಆಜ್ಞೆಯೂ ಆಯಿತು. ಕನ್ನಂಬಾಡಿ ಕಟ್ಟಿಸಿದ ದೊಡ್ಡ ಮನುಷ್ಯನ ಎದುರು ಮಂಡಳಿ ಗೆದ್ದದ್ದು ಬೀದಿಯ ಬಲದಿಂದಲ್ಲ, ಗರ್ಭಗುಡಿಗೆ ಇನ್ನೊಂದು ಬಾಗಿಲಿದೆ ಎಂದು ಪತ್ತೆಹಚ್ಚಿದ್ದರಿಂದ.

ಮಿರ್ಜಾ ಇಸ್ಮಾಯಿಲ್ ಅವರ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1926ರಿಂದ 1941ರವರೆಗೆ, ಹದಿನೈದು ವರ್ಷ, ಅವರು ದಿವಾನರು. ಯುದ್ಧಗಳ ನಡುವೆ ಯುರೋಪಿನಲ್ಲಿ ಪ್ರಧಾನಿಗಳು ವರ್ಷಕ್ಕೊಬ್ಬರಂತೆ ಉರುಳುತ್ತಿದ್ದ ಕಾಲವದು. ಇವರು ಕೂತಲ್ಲಿ ಕೂತಿದ್ದು ಹೇಗೆ? ಹುಡುಗರಾಗಿದ್ದಾಗ ಮಹಾರಾಜರ ಜೊತೆ ಒಂದೇ ತರಗತಿಯಲ್ಲಿ ಓದಿದವರು. ಆಮೇಲೆ ವರ್ಷಗಟ್ಟಲೆ ಹುಜೂರ್ ಸೆಕ್ರೆಟರಿ, ಖಾಸಗಿ ಕಾರ್ಯದರ್ಶಿ. ದಿವಾನರಾಗುವ ಮೊದಲೇ ಅರಮನೆಯ ಮನಸ್ಸು ಯಾವ ಹೊತ್ತಿನಲ್ಲಿ ಹೇಗಿರುತ್ತದೆ ಎಂದು ಅರಿತಿದ್ದರು. ಚುನಾವಣೆ ಗೆದ್ದು ಬಂದವರಲ್ಲ, ಪಕ್ಷ ಕಟ್ಟಿದವರಲ್ಲ. ಒಬ್ಬನೇ ಮತದಾರ, ಆ ಮತ ಖಚಿತ.

ಅದೊಂದರಿಂದಲೇ ಹದಿನೈದು ವರ್ಷ ದಕ್ಕಿತು ಎಂದರೆ ಅನ್ಯಾಯವಾದೀತು. ಬೆಳಿಗ್ಗೆ ಕುದುರೆಯ ಮೇಲೆ ಬೆಂಗಳೂರಿನ ಬೀದಿ ನೋಡಿಕೊಂಡು ಬರುತ್ತಿದ್ದರು ಎಂದು ಹಳಬರು ಹೇಳುವುದುಂಟು. ಇರ್ವಿನ್ ನಾಲೆಯ ನೀರು ಮಂಡ್ಯದ ಬೆಂಗಾಡಿಗೆ ಹರಿದದ್ದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಕನ್ನಂಬಾಡಿಯ ಬೃಂದಾವನ, ನಮ್ಮ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಮಿಲ್ಲು, ಎಲ್ಲ ಅವರ ಕಾಲದ್ದು. ಜನಕ್ಕೆ ಕಣ್ಣಿಗೆ ಕಾಣುವ ಕೆಲಸ ಬೇಕು ಎಂಬುದನ್ನು ಅವರು ಬಲ್ಲರು. ಒಳ್ಳೆಯದೆಲ್ಲ ಮಹಾರಾಜರ ಹೆಸರಿಗೆ ಸಲ್ಲುತ್ತಿತ್ತು, ಅದನ್ನೂ ಅವರು ಬಲ್ಲರು, ಬೇಸರಪಟ್ಟುಕೊಂಡಂತೆ ಕಾಣುವುದಿಲ್ಲ.

ಕೆಟ್ಟದ್ದು? ಅದು ಅವರ ಪಾಲು. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆ ಶಾಲೆಯ ಗಣಪತಿಯ ವಿಚಾರದಲ್ಲಿ ಗಲಭೆ ಎದ್ದಾಗ ಮುಸ್ಲಿಂ ದಿವಾನರೆಂದು ಬೈದರು. ಇವರನ್ನು ಕೂರಿಸಿದ್ದು ಮಹಾರಾಜರು ಎಂದು ನೆನಪಿಸಿಕೊಂಡವರು ಕಡಿಮೆ. 1938ರ ಏಪ್ರಿಲ್ ಬಂತು. ಬಿಡದಿಯಿಂದ ಮೈಸೂರಿನ ದಿಕ್ಕಿಗೆ ರಾಮನಗರ, ಚನ್ನಪಟ್ಟಣ ದಾಟಿದರೆ ಮದ್ದೂರು. ಅದರ ಮಗ್ಗುಲಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಕಾಂಗ್ರೆಸ್ಸಿನವರು ನಿಷೇಧ ಮುರಿದು ರಾಷ್ಟ್ರಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು, ಜನರ ಲೆಕ್ಕ ಮೂವತ್ತನ್ನು ದಾಟಿತ್ತು. ದೇಶವೆಲ್ಲ ಮೈಸೂರಿನತ್ತ ತಿರುಗಿ ನೋಡಿತು. ಸರ್ದಾರ್ ಪಟೇಲರೂ ಕೃಪಲಾನಿಯವರೂ ಬಂದು ದಿವಾನರ ಜೊತೆ ಮಾತಾಡಿದರು. ಮಿರ್ಜಾ-ಪಟೇಲ್ ಒಪ್ಪಂದವಾಗಿ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ರಾಷ್ಟ್ರಧ್ವಜ ಸಂಸ್ಥಾನದ ಧ್ವಜದ ಪಕ್ಕದಲ್ಲಿ ಹಾರಬಹುದು ಎಂದಾಯಿತು. ಒಪ್ಪಂದದ ಹೆಸರನ್ನೇ ನೋಡಿ. ಗುಂಡು ಹಾರಿದ್ದು ಒಡೆಯರ ಸಂಸ್ಥಾನದಲ್ಲಿ, ರಾಜಿಯಾದದ್ದು ಮಿರ್ಜಾರ ಹೆಸರಲ್ಲಿ.

ಕಾಂಗ್ರೆಸ್ಸಿನವರು ದಡ್ಡರಾಗಿರಲಿಲ್ಲ. ಅವರು ಕೇಳಿದ್ದು ಮಹಾರಾಜರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರ. ಆಶ್ರಯ ಎಂಬ ಮಾತನ್ನು ಸೇರಿಸದೆ ಹಳ್ಳಿಗೆ ಕಾಲಿಡುವಂತಿರಲಿಲ್ಲ. 1937ರಲ್ಲಿ ಕೆ.ಸಿ. ರೆಡ್ಡಿ ಮುಂತಾದ ಬ್ರಾಹ್ಮಣೇತರ ಪಕ್ಷದ ನಾಯಕರು ಕಾಂಗ್ರೆಸ್ ಸೇರಿದ ಮೇಲೆ ಪಕ್ಷಕ್ಕೆ ಒಕ್ಕಲು ಮನೆಗಳ ಬಾಗಿಲು ತೆರೆಯಿತು, ಮತ್ತು ಆ ಮನೆಗಳ ಗೋಡೆಯ ಮೇಲೆ ನಾಲ್ವಡಿಯವರ ಪಟ ಇತ್ತು. ಪಟ ಇಳಿಸಿ ಎಂದವನಿಗೆ ಆ ಮನೆಯಲ್ಲಿ ನೀರೂ ಹುಟ್ಟುತ್ತಿರಲಿಲ್ಲ. ಪೂಜಾರಿ ಬದಲಾಗಲಿ, ದೇವರು ಇರಲಿ ಎಂದರೆ ಎಲ್ಲರೂ ತಲೆಯಾಡಿಸಿಯಾರು. ನಾಲ್ವಡಿಯವರ ಮೇಲಿನ ಪ್ರೀತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಗಾಂಧಿಯವರು ಕೂಡ 1927ರಲ್ಲಿ ನಂದಿಬೆಟ್ಟದಲ್ಲಿ ಅವರ ಅತಿಥಿಯಾಗಿ ಆರೋಗ್ಯ ಸುಧಾರಿಸಿಕೊಂಡವರು. ಆದರೆ ಆ ಪ್ರೀತಿಗೆ ಕಲೆ ಹತ್ತದಂತೆ ಸುತ್ತ ಇಷ್ಟು ಜನ ಪೂಜಾರಿಗಳು ನಿಂತಿದ್ದರು ಎಂಬುದೂ ನಿಜ.

ಇದು ನಮ್ಮೊಬ್ಬರ ಚಾಳಿಯಲ್ಲ. ಜಪಾನಿನಲ್ಲಿ ಇದೇ ಗಾದೆ ಬಂದೂಕು ಹಿಡಿದು ನಡೆಯಿತು. 1889ರ ಅವರ ಸಂವಿಧಾನದ ಪ್ರಕಾರ ಚಕ್ರವರ್ತಿ ಪವಿತ್ರ, ಸೇನೆಯ ಒಡೆತನ ಅವನದು. ಹಾಗಾದರೆ ಮಂತ್ರಿಮಂಡಲ ಸೇನೆಗೆ ಏನು ಹೇಳೀತು? ನಾವು ಚಕ್ರವರ್ತಿಯ ಆಳು, ನಿಮ್ಮ ಆಳಲ್ಲ ಎಂದರು ಸೇನಾಧಿಕಾರಿಗಳು. 1931ರಲ್ಲಿ ಟೋಕಿಯೋದ ಸರ್ಕಾರವನ್ನು ಕೇಳದೆ ಮಂಚೂರಿಯಕ್ಕೆ ನುಗ್ಗಿದರು. ಮರುವರ್ಷ ಪ್ರಧಾನಿ ಇನುಕಾಯ್ ಅವರನ್ನು ಯುವ ಅಧಿಕಾರಿಗಳು ಮನೆಯಲ್ಲೇ ಗುಂಡಿಟ್ಟು ಕೊಂದರು. ಚಕ್ರವರ್ತಿಯನ್ನು ಸುತ್ತುವರಿದ ಕೆಟ್ಟವರನ್ನು ತೊಲಗಿಸುತ್ತಿದ್ದೇವೆ ಎಂಬುದು ಅಂಥವರ ಸಮರ್ಥನೆ. ಯುದ್ಧಕಾಲದ ಪ್ರಧಾನಿ ತೋಜೊ ಸೋಲಿನ ನಂತರ 1948ರ ಡಿಸೆಂಬರಿನಲ್ಲಿ ನೇಣಿಗೇರಿದ. ಹಿರೋಹಿತೊ ವಿಚಾರಣೆಯ ಕಟಕಟೆಯನ್ನೂ ಹತ್ತಲಿಲ್ಲ, 1989ರವರೆಗೆ ಸಿಂಹಾಸನದಲ್ಲಿದ್ದ. ಗೆದ್ದ ಅಮೆರಿಕದವರೂ ಗಾದೆಯನ್ನು ಒಪ್ಪಿಕೊಂಡರು, ಅವರಿಗೂ ಅದು ಅನುಕೂಲವಾಗಿತ್ತು.

ಯುರೋಪಿನ ಸರ್ವಾಧಿಕಾರಿಗಳನ್ನು ಬಾಗಿಲು ಒಡೆದು ನುಗ್ಗಿದವರಂತೆ ನೆನೆಯುತ್ತೇವೆ. ಮುಸೊಲಿನಿಯ ದಂಡು ರೋಮಿಗೆ ಹೊರಟಿದ್ದಾಗ ಅದನ್ನು ತಡೆಯುವ ಆಜ್ಞೆಗೆ ಸಹಿ ಹಾಕಲು ಒಪ್ಪದೆ, ಅವನನ್ನೇ ಕರೆದು ಪ್ರಧಾನಿ ಮಾಡಿದ್ದು ರಾಜ ವಿಕ್ಟರ್ ಇಮ್ಯಾನುಯಲ್, 1922ರಲ್ಲಿ. ಹಿಟ್ಲರನನ್ನು 1933ರ ಜನವರಿಯಲ್ಲಿ ಚಾನ್ಸಲರ್ ಮಾಡಿದ್ದು ಮುದಿ ಅಧ್ಯಕ್ಷ ಹಿಂಡನ್‌ಬರ್ಗ್. ಒಳಗಿನಿಂದ ಚಿಲಕ ತೆಗೆದವರಿದ್ದರು. ಮುಂದೆ ಇಬ್ಬರ ಹಣೆಬರಹ ಬೇರೆಯಾದದ್ದು ಒಂದೇ ಕಾರಣಕ್ಕಲ್ಲ, ಆದರೂ ಇದು ನೆನಪಿಡುವಂಥದ್ದು: 1934ರಲ್ಲಿ ಹಿಂಡನ್‌ಬರ್ಗ್ ಸತ್ತಾಗ ಹಿಟ್ಲರ್ ಆ ಪೀಠವನ್ನೂ ತಾನೇ ಏರಿದ, ಮೇಲೆ ಇನ್ನು ಯಾರೂ ಉಳಿಯಲಿಲ್ಲ. ಮುಸೊಲಿನಿ ರಾಜನನ್ನು ಇರಗೊಟ್ಟ, ಇಪ್ಪತ್ತೊಂದನೇ ವರ್ಷ ಅದೇ ರಾಜ ಅವನನ್ನು ಕರೆಸಿ ಮನೆಗೆ ಹೋಗು ಎಂದ. ಸ್ಟಾಲಿನ್ನನದು ಮೂರನೆಯ ಬಗೆ. ದೇವರೇ ಬೇಡವೆಂದ ಪಕ್ಷದಲ್ಲಿ ನೇಮಕಾತಿಯ ಫೈಲು ನೋಡುವ ಕಾರ್ಯದರ್ಶಿ ಕೆಲಸ ಹಿಡಿದ. 1924ರಲ್ಲಿ ಲೆನಿನ್ ಸತ್ತ ಮೇಲೆ ಅವನ ದೇಹವನ್ನು ಕೆಡದಂತೆ ಕಾಪಿಟ್ಟು ದರ್ಶನಕ್ಕಿಟ್ಟರು. ಮಾತಾಡದ ದೇವರ ಮಾತನ್ನು ಅರ್ಥೈಸುವ ಹಕ್ಕು ಯಾರದಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಮೈಸೂರಿಗೆ ಮರಳೋಣ. ನಾಲ್ವಡಿಯವರು 1940ರ ಆಗಸ್ಟ್‌ನಲ್ಲಿ ತೀರಿಕೊಂಡರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದು ವರ್ಷ ತುಂಬುವುದರೊಳಗೆ ಮಿರ್ಜಾ ರಾಜೀನಾಮೆ ಕೊಟ್ಟರು. ನಾಲೆಗಳೂ ಕಾರ್ಖಾನೆಗಳೂ ಇದ್ದಲ್ಲೇ ಇದ್ದವು, ಮತ ಹಾಕುವ ಆ ಒಬ್ಬರು ಇರಲಿಲ್ಲ. 1947ರಲ್ಲಿ ಮೈಸೂರು ಚಲೋ ಚಳವಳಿ ನಡೆದಾಗಲೂ ಬೀದಿಯಲ್ಲಿ ಮೊಳಗಿದ ಕೂಗು "ಆರ್ಕಾಟ್ ಬಾಯ್ಕಾಟ್", ಅಂದರೆ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ.

ಆ ಚಳವಳಿಗಳಲ್ಲಿ ಜೈಲು ಕಂಡವರಲ್ಲಿ ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯವರೊಬ್ಬರಿದ್ದರು. 1908ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಕಾನೂನು ಕಲಿತು ಬಂದ ಕೆಂಗಲ್ ಹನುಮಂತಯ್ಯ. 1952ರಲ್ಲಿ ಮುಖ್ಯಮಂತ್ರಿಯಾದರು. ಕ್ಲೋಸ್‌ಪೇಟೆಯನ್ನು ರಾಮನಗರ ಮಾಡಿದ್ದು ಕೆಂಗಲ್ಲರೇ. ವಿಧಾನಸೌಧ ಎಬ್ಬಿಸಿದ್ದೂ ಅವರೇ, ಅದೂ ಅಠಾರ ಕಚೇರಿಯ ಎದುರಿಗೆ, ಅದು ಕುಳ್ಳಗೆ ಕಾಣುವಷ್ಟು ಎತ್ತರಕ್ಕೆ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ನೌಕರರಲ್ಲಿ ಭಯಭಕ್ತಿ ಹುಟ್ಟಲಿ ಎಂಬ ಆಶಯ ಒಳ್ಳೆಯದೇ. ಆದರೆ ಪೌತಿ ಖಾತೆಗೆ ಅಲೆದು ಸೋತ ಬಿಡದಿಯವನು ಆ ಸಾಲನ್ನು ಓದಿದರೆ ಅವನಿಗೆ ಮೊದಲು ಯಾವ ಗಾದೆ ನೆನಪಾಗುತ್ತದೆ ಎಂದು ಕೆಂಗಲ್ಲರು ಯೋಚಿಸಿದ್ದರೋ ಇಲ್ಲವೋ.

ಅವರಿಗೆ ಸಿಕ್ಕಿದ್ದು ಪೂಜಾರಿಯ ಪಾಡೇ. ಕಟ್ಟಡಕ್ಕೆ ಅತಿಯಾಗಿ ಸುರಿದರೆಂಬ ಆರೋಪ ಬಂತು, ವಿಚಾರಣೆ ಬಂತು. ಹಳೇ ಮೈಸೂರಿನ ಎಷ್ಟೋ ಮಂದಿ ಅಂಜುತ್ತಿದ್ದ ಏಕೀಕರಣದ ಪರ ನಿಂತದ್ದಕ್ಕೆ ಸ್ವಂತ ಸೀಮೆಯವರ ಮುನಿಸೂ ಸೇರಿಕೊಂಡಿತು. ತಮ್ಮ ಪಕ್ಷದ ಶಾಸಕರೇ ತಿರುಗಿಬಿದ್ದು 1956ರ ಆಗಸ್ಟ್‌ನಲ್ಲಿ ಅವರು ಇಳಿದರು. ಎರಡೂವರೆ ತಿಂಗಳ ನಂತರ, ನವೆಂಬರ್ 1ರಂದು, ಅವರು ಬಯಸಿದ್ದ ವಿಶಾಲ ರಾಜ್ಯ ಹುಟ್ಟಿತು. ಅದರ ಮೊದಲ ರಾಜ್ಯಪಾಲರು ಜಯಚಾಮರಾಜ ಒಡೆಯರು.