ಚಾಕು ಶಿಷ್ಯನ ಕೈಯಲ್ಲಿ, ಹೊಣೆ ಯಾರದು?

ಬೋಧನಾ ಆಸ್ಪತ್ರೆಯ ಓಟಿಯಲ್ಲಿ ಪಿತ್ತಕೋಶ ತೆಗೆಯುವ ಕೈ ಎಷ್ಟೋ ಸಲ ಪಿಜಿ ವಿದ್ಯಾರ್ಥಿಯದು. ಹಿರಿಯ ಸರ್ಜನ್ ಪಕ್ಕದಲ್ಲಿ ನಿಂತಿರುತ್ತಾರೆ. ಪಿತ್ತಕೋಶಕ್ಕೆ ಸೇರುವ ನಾಳವೂ ರಕ್ತನಾಳವೂ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುವ ತನಕ ಕ್ಲಿಪ್ ಹಾಕುವಂತಿಲ್ಲ. ತಪ್ಪಿ ಮುಖ್ಯ ಪಿತ್ತನಾಳಕ್ಕೆ ಕ್ಲಿಪ್ ಬಿದ್ದರೆ ರೋಗಿ ವರ್ಷಗಟ್ಟಲೆ ನರಳಬೇಕಾದೀತು. ಆಗ ಆ ಕರ್ಮದ ಕರ್ತೃ ಯಾರು? ಕತ್ತರಿಸಿದವನೋ, ಕತ್ತರಿಸಲು ಬಿಟ್ಟವರೋ? ಚಾಕು ಕೊಟ್ಟ ಮಾತ್ರಕ್ಕೆ ಹಿರಿಯರ ಕರ್ತೃತ್ವ ಕೈದಾಟುವುದಿಲ್ಲ, ಅದು ಇನ್ನಷ್ಟು ಭಾರವಾಗುತ್ತದೆ ಎಂಬುದು ನನ್ನ ವಾದ.

ಗೀತೆಯ ಹದಿನೆಂಟನೆಯ ಅಧ್ಯಾಯ ಪ್ರತಿ ಕರ್ಮಕ್ಕೂ ಐದು ಕಾರಣಗಳನ್ನು ಹೇಳಿ ಕೊನೆಯದಾಗಿ ದೈವವನ್ನು ಇಡುತ್ತದೆ. ಅದನ್ನೇ ಹಿಡಿದು ನುಣುಚಿಕೊಳ್ಳುವುದು ಸುಲಭ. ಆದರೆ ವೈದಿಕ ಯಜ್ಞದಲ್ಲಿ ಬ್ರಹ್ಮನೆಂಬ ಋತ್ವಿಜನ ಸ್ಥಾನವನ್ನು ನೋಡಿ. ಉಳಿದವರು ಮಂತ್ರ ಹೇಳುತ್ತಾರೆ, ಆಹುತಿ ಹಾಕುತ್ತಾರೆ. ಆತ ಬಹುಪಾಲು ಮೌನವಾಗಿ ಕುಳಿತು ಗಮನಿಸುತ್ತಾನೆ, ಲೋಪವಾದರೆ ಪ್ರಾಯಶ್ಚಿತ್ತ ಮಾಡುತ್ತಾನೆ. ಐತರೇಯ ಬ್ರಾಹ್ಮಣ ಅವನನ್ನು ಯಜ್ಞದ ವೈದ್ಯನೆಂದೇ ಕರೆದಿದೆ. ಸುಮ್ಮನೆ ಕುಳಿತವನಿಗೇಕೆ ದಕ್ಷಿಣೆ ಎಂಬ ಪ್ರಶ್ನೆಯನ್ನೂ ಅದು ಎತ್ತಿಕೊಳ್ಳುತ್ತದೆ! ನೋಡುತ್ತಾ ಇರುವುದೂ ಒಂದು ಕ್ರಿಯೆ. ಆದರೆ ಅಲ್ಲಿ ಇದ್ದರೆ ಮಾತ್ರ. ಮನೆಯಿಂದ ಫೋನಿನಲ್ಲೇ "ಮುಂದುವರಿಸಿ" ಎನ್ನುವ ಯೂನಿಟ್ ಚೀಫ್‌ಗೆ ಈ ಸ್ಥಾನ ಸಲ್ಲದು.

ಹಾಗಾದರೆ ಹಿರಿಯರೇ ಎಲ್ಲವನ್ನೂ ಮಾಡಲಿ, ರೋಗಿ ಪಾಠದ ಸಾಮಗ್ರಿಯಲ್ಲವಲ್ಲ ಎಂದು ಕೇಳಬಹುದು. ಸುಶ್ರುತ ಸಂಹಿತೆ ಶಿಷ್ಯನಿಗೆ ಮೊದಲು ಸೋರೆ, ಸೌತೆಕಾಯಿಗಳನ್ನು ಕೊಯ್ಯಲು, ಕೂದಲಿರುವ ಚರ್ಮವನ್ನು ಕೆರೆಯಲು, ದಪ್ಪ ಬಟ್ಟೆಯ ಅಂಚನ್ನು ಹೊಲಿಯಲು ಹೇಳುತ್ತದೆ. ಇಂದು ಸಿಮ್ಯುಲೇಟರ್‌ಗಳಿವೆ. ಆದರೂ ಮೊದಲ ಜೀವಂತ ದೇಹ ಎಂಬುದೊಂದು ಇದ್ದೇ ಇರುತ್ತದೆ. ಯಾರೂ ಕಲಿಯದಿದ್ದರೆ ನಾಳೆಯ ರೋಗಿಗೆ ಸರ್ಜನ್ನೇ ಇಲ್ಲ. ಇದು ನಿಜವಾದರೂ ನಾಳಿನವರ ಹಿತಕ್ಕಾಗಿ ಇಂದು ಮಲಗಿರುವವನನ್ನು ಹೇಗಾದರೂ ಬಳಸಿಕೊಳ್ಳಲು ಪರವಾನಗಿಯಲ್ಲ. ಎಡವಿದರೆ ತಕ್ಷಣ ಕೈಯಿಡಬಲ್ಲವರು ಎದುರಿಗಿರುವುದು, ರೋಗಿಗೆ ಸಂಗತಿ ತಿಳಿದಿರುವುದು: ಈ ಎರಡಿದ್ದರೆ ಮಾತ್ರ ಆ ಕಲಿಕೆ ಧರ್ಮಸಮ್ಮತ. ಸದಾ ಯಾರೋ ಕಾಯುತ್ತಿದ್ದರೆ ಕಿರಿಯರಿಗೆ ಸ್ವಂತ ನಿರ್ಧಾರ ಬರುವುದೆಂತು ಎನ್ನುವುದೂ ಉಂಟು. ಬೇಡವೆಂದವರಾರು, ಹಂತಹಂತವಾಗಿ ಬಿಡಲಿ. ಆದರೆ ಹಂತವನ್ನು ಶಿಷ್ಯನ ಕೈಚಳಕ ತೀರ್ಮಾನಿಸಬೇಕು, ಗುರುವಿನ ಖಾಸಗಿ ಪ್ರಾಕ್ಟೀಸಿನ ವೇಳಾಪಟ್ಟಿಯಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆಯದು. ಕಲಿಯುವ ಕೈಗೆ ದೇಹ ಒಡ್ಡುವವರು ಬಹುಪಾಲು ಸರ್ಕಾರಿ ಆಸ್ಪತ್ರೆಯ ಬಡವರು. ಪಳಗಿದ ಕೈಯ ಫಲ ಹಣವುಳ್ಳವರಿಗೆ. ಇದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಹೆಬ್ಬೆಟ್ಟು ಒತ್ತುವವರಿಗೂ ಅದು ಅನ್ವಯಿಸುತ್ತದೆ. ನಿಮ್ಮವರನ್ನು ಓಟಿಗೆ ಒಯ್ಯುವ ಮುನ್ನ ಕೇಳಿ: ಆಪರೇಷನ್ ಮಾಡುವವರು ಯಾರು, ಪಕ್ಕದಲ್ಲಿ ನಿಲ್ಲುವ ಹಿರಿಯರು ಯಾರು?