ಅರಗಿನಲ್ಲಿ ಉಳಿದ ದನಿ

ಹೊಳಲ್ಕೆರೆಯ ನೆಂಟರ ಮನೆ ಅಟ್ಟದಲ್ಲಿ ಒಂದು ತಗಡಿನ ಟ್ರಂಕು. ಅದರೊಳಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಏಳು ಪ್ಲೇಟುಗಳು. ಗ್ರಾಮಫೋನ್ ರೆಕಾರ್ಡನ್ನು ನಮ್ಮ ಹಿರಿಯರು ಪ್ಲೇಟು ಅಂತಲೇ ಕರೆಯುತ್ತಿದ್ದರು. ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ನಡುವಿನ ಕಾಗದದಲ್ಲಿ ಕೊಳವೆಗೆ ಕಿವಿಗೊಟ್ಟು ಕುಳಿತ ನಾಯಿ. ಹಾಡಿನ ಗೆರೆಗಳು ಮುಗಿದು ಕಾಗದ ಶುರುವಾಗುವ ಬೋಳು ಜಾಗದಲ್ಲಿ, ಅರಗಿನ ಮೈಯಲ್ಲೇ ಮೂಡಿದ ಸಣ್ಣ ಅಂಕಿಗಳು.

ಆ ಅಂಕಿಗಳೇ ಪ್ಲೇಟಿನ ಜಾತಕ. ಯಾವ ಮುದ್ರಣ, ಎಷ್ಟನೇ ಸಲ ಹಾಡಿದ್ದು ಎಂಬುದೆಲ್ಲ ಅಲ್ಲಿದೆ. ಕಾಗದವೂ ಸಾಕ್ಷಿ ಹೇಳುತ್ತದೆ. ಜರ್ಮನಿಯ ಹ್ಯಾನೋವರ್ ಹೆಸರಿದ್ದರೆ, ಸಾಮಾನ್ಯವಾಗಿ 1908ರಲ್ಲಿ ಕಲ್ಕತ್ತದ ಕಾರ್ಖಾನೆ ಶುರುವಾಗುವ ಮುಂಚಿನ ಕಾಲದ್ದು. ಕಲ್ಕತ್ತದ ದಮ್ ದಮ್ ಎಂದಿದ್ದರೆ 1920ರ ದಶಕದ ಕೊನೆಯಿಂದ ಈಚಿನದು.

1902ರಲ್ಲಿ ಕಲ್ಕತ್ತದಲ್ಲಿ ಪ್ಲೇಟಿಗಾಗಿ ಹಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳಿದಳು. ಅಚ್ಚು ಹಾಕುವ ದೂರದ ಜರ್ಮನಿಯವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಕಾಗದ ಅಂಟುವ ಮೊದಲೇ ದನಿಯೇ ಚೀಟಿಯಾಗಿತ್ತು! ಆಕೆ ಕಣ್ಣು ಮುಚ್ಚಿದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ. ಆ ದನಿ ಮಾತ್ರ ಇಂದಿಗೂ ತನ್ನ ಹೆಸರು ಹೇಳುತ್ತಲೇ ಇದೆ.

ಇಷ್ಟನ್ನೂ ಹೊತ್ತದ್ದು ಅರಗು. ಮರದ ಕೊಂಬೆಗಂಟಿದ ಪುಟ್ಟ ಹುಳ ಸ್ರವಿಸಿದ್ದು. ಜಗತ್ತಿನ ಪ್ಲೇಟುಗಳಿಗೆ ಹೋದ ಅರಗಿನಲ್ಲಿ ಹೆಚ್ಚಿನ ಪಾಲು ಭಾರತದ ಕಾಡುಗಳದ್ದು. ಮಹಾಭಾರತದ ಅರಗಿನ ಮನೆ ಸುಟ್ಟು ಬೂದಿಯಾಯಿತು. ಈ ಅರಗು ಉಸಿರನ್ನು ಕಾಪಾಡಿತು.

ಗುರುತಿನಿಂದ ಕಾಲ ತಿಳಿಯುವ ಮಾತು ಬಂದಾಗ ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿ ನೆನಪಾಗುತ್ತದೆ. ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿದ ಆ ನೆಲದಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕವು. ರೋಮಿನ ಚಕ್ರವರ್ತಿ ಟೈಬೀರಿಯಸ್ ಪಟ್ಟಕ್ಕೇರಿದ್ದು ಕ್ರಿ.ಶ. 14ರಲ್ಲಿ. ಅವನ ಮುಖವಿರುವ ನಾಣ್ಯ ಬಿದ್ದ ಮಣ್ಣು ಅದಕ್ಕಿಂತ ಹಳೆಯದಾಗಲಾರದು. ಒಂದು ದುಂಡು ಲೋಹ ಮಣ್ಣಿಗೆ ವಯಸ್ಸು ಹೇಳಿತು, ಒಂದು ದುಂಡು ಕಾಗದ ದನಿಗೆ ವಯಸ್ಸು ಹೇಳುತ್ತದೆ. ಇಸವಿ ತಿಳಿದರೆ ಬೆರಗು ಕರಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನಿಸಿಲ್ಲ. ಇಂಥ ಕಾಲದಲ್ಲಿ ಇಂಥವರು ಹಾಡಿದರು ಎಂದು ಗೊತ್ತಾದ ಮೇಲೇ ಆ ಮೂರು ನಿಮಿಷದ ದನಿ ನನ್ನ ಪಕ್ಕದಲ್ಲಿ ಬಂದು ಕುಳಿತಂತಾಯಿತು.

ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ನಿಮ್ಮ ಅಟ್ಟದಲ್ಲೂ ಇಂಥ ಟ್ರಂಕು ಇರಬಹುದು. ಗುಜರಿಗೆ ಹಾಕಬೇಡಿ. ನಡುವಿನ ಕಾಗದಕ್ಕೆ ನೀರು ಮುಟ್ಟಿಸಬೇಡಿ. ಬೆಳಕಿಗೆ ಓರೆಯಾಗಿ ಹಿಡಿದು ಅಂಕಿ ಓದಿ, ಒಂದು ಚೀಟಿಯಲ್ಲಿ ಬರೆದಿಡಿ. ಜೊತೆಗೆ ಅದನ್ನು ಕೊಂಡು ತಂದ ಅಜ್ಜನ ಹೆಸರನ್ನೂ ಬರೆಯಿರಿ. ಅದು ಯಾವ ಕಂಪನಿಯ ಕಾಗದದಲ್ಲೂ ಇಲ್ಲ.